ಗಾಜಿನ ಒಳಬದಿ

ಕಂಕನಾಡಿಯ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದ ಮನ್ವಿತಾಳಿಗೆ ಪಕ್ಕದ ಬೆಂಚಿನ ತಾಯಿ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮಗಳ ಮಡಿಲಲ್ಲಿ ಇಪ್ಪತ್ತು ದಿನದ ಕೂಸು ಗೊರಗೊರ ಉಸಿರೆಳೆಯುತ್ತಿತ್ತು.

"ಡಾಕ್ಟರ್ ಕೇಳಿದ್ರೆ ಬೈಕಂಪಾಡಿಯ ಫ್ಯಾಕ್ಟರಿ ಹೊಗೆ ಅಂತ ಹೇಳು, ಮುಫೀದಾ."

"ಬಾಣಂತಿ ಸ್ನಾನದ ಒಲೆಯ ಹೊಗೆ ಅಂತ ಹೇಳ್ತೇನೆ, ಉಮ್ಮ."

"ಎಂತ ಮಾತು ಮಾರಾಯ್ತಿ! ನಿನ್ನ ದೊಡ್ಡವನಿಗೂ ಇದೇ ಬಚ್ಚಲು, ಇದೇ ಹಂಡೆ. ಅವನಿಗೆ ಎಂತ ಆಯ್ತು?"

"ಅವ ಹುಟ್ಟಿದ್ದು ಜುಲೈಯಲ್ಲಿ. ಗಾಳಿಮಳೆಗೆ ಹೊಗೆ ನಿಲ್ತಿರ್ಲಿಲ್ಲ. ಈಗ ಜನವರಿ, ಬೆಳಿಗ್ಗೆ ಒಂದು ಎಲೆ ಅಲ್ಲಾಡುದಿಲ್ಲ. ಹೊರಗಿನ ಮಸಿ ಬರ್ತದೆ ಅಂತ ನೀವು ಕಿಟಕಿ ಎಲ್ಲ ಮುಚ್ಚಿದ್ರಿ."

"ಬರುದಿಲ್ವಾ ಹಾಗಾದ್ರೆ?"

"ಬರ್ತದೆ. ಆದ್ರೆ ಇವತ್ತು ಕೋಣೆಯ ಗಾಜು ಒರೆಸಿದ್ದು ನೀವೇ ಅಲ್ವಾ? ಮಸಿ ಯಾವ ಬದಿಯಲ್ಲಿತ್ತು?"

ಉಮ್ಮ ಪಕ್ಕದಲ್ಲಿದ್ದ ಚೀಲವನ್ನು ಹತ್ತಿರಕ್ಕೆಳೆದುಕೊಂಡರು.

"ನಲ್ವತ್ತು ದಿನ ಬಿಸಿನೀರು ಬೀಳದಿದ್ರೆ ನಿನ್ನ ಸೊಂಟ ಉಳಿಯುದಿಲ್ಲ."

"ಗೀಸರಿನ ನೀರೂ ಬಿಸಿಯೇ."

"ಅದರಲ್ಲಿ ಒಲೆಯ ಕಾವು ಉಂಟಾ?"

"ಇವಳ ಉಸಿರಿಗಿಂತ ನನ್ನ ಸೊಂಟ ದೊಡ್ಡದಾ, ಉಮ್ಮ?"

ನರ್ಸ್ ಮುಫೀದಾಳ ಹೆಸರು ಕರೆದಳು. ಅವಳು ಕೂಸನ್ನೆತ್ತಿಕೊಂಡು ಎದ್ದಳು. ಮನ್ವಿತಾ ಕಾಲು ಹಿಂದೆಳೆದು ದಾರಿ ಬಿಟ್ಟಳು. ಉಮ್ಮ ಮಾತ್ರ ಕೂತಲ್ಲೇ ಚೀಲ ತಡಕಾಡಿ, ಮಡಚಿಟ್ಟ ಬಿಳಿ ಬಟ್ಟೆಯೊಂದನ್ನು ಹೊರತೆಗೆದರು. ಅದರ ತುಂಬ ಕಾಡಿಗೆಯಂಥ ಕಪ್ಪು.

"ಗಾಜು ಒರೆಸಿದ ಬಟ್ಟೆ. ಫ್ಯಾಕ್ಟರಿಯದ್ದು ಅಂತ ತೋರಿಸ್ಲಿಕ್ಕೆ ತಂದದ್ದು," ಎಂದರು ಮಗಳಿಗೆ. ಆಮೇಲೆ ಬೆಂಚಿಗೆ ಕೈಯೂರಿ ಎದ್ದರು.

"ನಡಿ. ಒಳಬದಿಯದ್ದು ಅಂತ ನಾನೇ ಹೇಳ್ತೇನೆ."