ಆಫೀಸಿನ ಬಾಗಿಲಿಗೆ ಗಾಜು

ಒಡೆದ ಕಿಟಕಿಗೆ ಗಾಜು ಕೊಳ್ಳಲು ಬಂದಿದ್ದ ನಿವೃತ್ತ ನರ್ಸಮ್ಮನಿಗೆ ಪಕ್ಕದವರ ಮಾತಿಗೆ ಕಿವಿಗೊಡುವ ಚಾಳಿ ಇರಲಿಲ್ಲ. ಆದರೆ ಅಂಗಡಿಯೇ ಅಂಗೈಯಗಲ. ಮುಂದೆ ನಿಂತಿದ್ದವರು ಮಕ್ಕಳ ಶಿಬಿರ ನಡೆಸುವ ಮುದುಕ ಮೇಷ್ಟ್ರು, ಮತ್ತು ಆ ಶಿಬಿರದಲ್ಲೇ ಆಡಿ ಬೆಳೆದು ಈಗ ಅಲ್ಲೇ ಸ್ವಯಂಸೇವಕಿಯಾಗಿರುವ ಯುವತಿ.

"ಆಫೀಸಿನ ಬಾಗಿಲಲ್ವಾ? ಮಬ್ಬು ಗಾಜು ಹಾಕ್ಸೋಣ, ಮರ್ಯಾದೆಯಾಗಿರುತ್ತೆ."

"ಬೇಡ ಮೇಷ್ಟ್ರೇ. ಹೋಗಿಬರೋರಿಗೆಲ್ಲ ಒಳಗೆ ಕಾಣಬೇಕು."

"ನನ್ನ ಮೇಲೂ ಅನುಮಾನಾನಾ?"

"ನಿಯಮ ಎಲ್ಲರಿಗೂ ಒಂದೇ. ಹತ್ತು ವರ್ಷದವಳಿದ್ದಾಗ ನಾನು ಅದೇ ಆಫೀಸಿಂದ ಅಳ್ತಾ ಬಂದು ಹೇಳಿದ್ರೆ, ಶಿಬಿರದ ಆ ಕೋಚು ದೇವರಂಥ ಮನುಷ್ಯ ಅಂತ ನೀವೇ ತಾನೇ ನನ್ನ ಬಾಯಿ ಮುಚ್ಚಿಸಿದ್ದು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಅವನು ಬೇರೆ ಕಡೆ ಶಿಬಿರ ಶುರು ಮಾಡಿದಾನಂತೆ."

"ಅದಕ್ಕೇ ಇವತ್ತು ಠಾಣೆಗೆ ಹೊರಟಿರೋದು."

"ಹದಿನೈದು ವರ್ಷ ಆಯ್ತಲ್ಲಮ್ಮ. ಸಾಕ್ಷಿ ಎಲ್ಲಿ ಅಂತಾರೆ."

"ಕೇಳಲಿ. ನಾನಂತೂ ಹೇಳ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ. ಈ ಮಗು ಅವತ್ತೇ ಹೇಳ್ತು, ಮುಚ್ಚಿಹಾಕಿದೋನು ನಾನು ಅಂತ ಬರೆದುಕೊಡ್ತೀನಿ."

"ನಿಮ್ಮ ಹೆಸರು ಕೆಡುತ್ತೆ."

"ಕೆಡಲಿ ಬಿಡು. ಹೆಸರು ಉಳಿಸೋಕೆ ಹೋಗೇ ಅಲ್ವಾ ಇಷ್ಟೆಲ್ಲ ಆಗಿದ್ದು?"

ಅಂಗಡಿಯವನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದ. "ಯಾವ ಗಾಜು ಸ್ವಾಮಿ?"

"ಆಚೆಯಿಂದ ಈಚೆ ಕಾಣೋದು ಕೊಡಪ್ಪ. ಇನ್ನೊಂದು ಅಡಿ ಉದ್ದ ಇರಲಿ. ಮಕ್ಕಳ ಕಣ್ಣಿಗೂ ಎಟುಕಬೇಕು."

ಗಾಜು ಬಂತು. ಇಬ್ಬರೂ ಒಂದೊಂದು ತುದಿ ಹಿಡಿದರು. ಮೆಟ್ಟಿಲ ಬಳಿ ಯುವತಿ ತುಸು ತಡೆದು ನಿಂತಳು.

"ನಡಿಯಮ್ಮ," ಎಂದರು ಮೇಷ್ಟ್ರು, "ಹಿಂದೆ ನಾನಿದೀನಿ."