‘ಬಸಿರು’ ಪದದ ಮೊದಲ ಅರ್ಥ

ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ನಿಘಂಟಿನ ಪ್ರಧಾನ ಸಂಪಾದಕರೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಸಂಪಾದಕರ ವಿದ್ವತ್ತನ್ನು ಆಗಲೇ ಎಲ್ಲರೂ ಹೊಗಳಿದ್ದಾರೆ. ನಾನು ಒಂದೇ ಒಂದು ಪದದ ಬಗ್ಗೆ ಹೇಳಿ ಕುಳಿತುಬಿಡುತ್ತೇನೆ. ಬಸಿರು.

ನಾವೆಲ್ಲ ದಿನಾ ಆಡುವ ಮಾತು. ನಿಜವಾಗಿ ಆಡುತ್ತೇವೆಯೇ? ನನ್ನ ಅತ್ತೆಯ ಬಾಯಲ್ಲಿ ಅದನ್ನು ನಾನು ಕೇಳಿಯೇ ಇಲ್ಲ. ಮೊದಲ ಸಲ “ನೀರು ನಿಂತಿದೆ” ಎಂದರು. ಮಗು ಉಳಿಯಲಿಲ್ಲ. ಎರಡನೆಯ ಸಲ “ಸೊಸೆ ವಿಶೇಷ” ಎಂದರು. ಅದೂ ಉಳಿಯಲಿಲ್ಲ. ಮೂರನೆಯ ಸಲ ಅವರೂ ಏನೂ ಅನ್ನಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಇದನ್ನು ಇಲ್ಲಿ ಹೇಳಬೇಕೆಂದು ಬಂದಿರಲಿಲ್ಲ. ಇರಲಿ.

ಆ ಮೂರನೆಯ ಸಲ, ನನಗೆ ಏಳು ತಿಂಗಳು ತುಂಬಿದ್ದಾಗ, ನಿಘಂಟು ಕಚೇರಿಯಲ್ಲಿ ನನ್ನ ಮೇಜಿಗೆ ಬಸಿರು ಬಂತು. ನಗಬೇಡಿ, ಪದ ಬಂತು. ಮೊದಲ ಅರ್ಥ ‘ಗರ್ಭ’ ಎಂದು ಬರೆದೆ. ಸಂಪಾದಕರು ಹೊಡೆದುಹಾಕಿದರು.

“ಮೊದ್ಲು ಹೊಟ್ಟೆ ಅಂತ ಹಾಕಮ್ಮ. ಹಳಗನ್ನಡದಲ್ಲಿ ಬಸಿರು ಅಂದ್ರೆ ಹೊಟ್ಟೆ, ಒಳಗು. ಗಂಡಸ್ರಿಗೂ ಇತ್ತು.”

“ಮತ್ತೆ ಎಲ್ಲಿ ಹೋಯ್ತು ಸರ್?”

“ಕಾಲ ಕಳೀತಾ ಕಳೀತಾ ಹೆಂಗಸ್ರಿಗೇ ಬಿಟ್ಕೊಟ್ವಿ.”

ನಾನು ಉತ್ತರ ಕೊಡುವ ಮೊದಲೇ ಸೊಂಟ ಹಿಡಿದುಕೊಂಡಿತು. ಇದೂ ಹೋಯಿತು ಎಂದುಕೊಂಡೆ.

ಆಂಬುಲೆನ್ಸ್ ಬರುವಷ್ಟರಲ್ಲಿ, ಪುಸ್ತಕದ ಕಪಾಟುಗಳ ನಡುವೆ, ಕರಡು ತಿದ್ದುವ ಅಕ್ಕನ ಕೈಗೆ ಮಗಳು ಬಂದಳು. ಅಂಗೈಯಗಲದ ಮಗು. ಅಳಲಿಲ್ಲ. ಫೋನಿನಲ್ಲಿ ಆಸ್ಪತ್ರೆಯ ನರ್ಸ್ ಕೂಗುತ್ತಿದ್ದರು: “ಮೈ ತಣ್ಣಗಾಗ್ಬಾರ್ದು! ಒರೆಸಿ, ಯಾರ ಮೈಗಾದ್ರೂ ಒತ್ತಿ ಹಿಡೀರಿ!” ನನಗೆ ರಕ್ತ ನಿಲ್ಲುತ್ತಿರಲಿಲ್ಲ, ಎಚ್ಚರ ತಪ್ಪಿ ತಪ್ಪಿ ಬರುತ್ತಿತ್ತು. ಅಕ್ಕ ನನ್ನನ್ನು ಬಿಡುವಂತಿರಲಿಲ್ಲ. ಉಳಿದವರು ನಮ್ಮ ಈ ಸಂಪಾದಕರೊಬ್ಬರೇ. ಮದುವೆಯಾಗದವರು, ಮಗುವನ್ನು ಎಂದೂ ಎತ್ತಿಕೊಳ್ಳದವರು, ಬೇಸಗೆಯಲ್ಲೂ ಕತ್ತಿನ ಗುಂಡಿ ಬಿಚ್ಚದವರು.

ಗುಂಡಿಗಳನ್ನೆಲ್ಲ ಬಿಚ್ಚಿದರು. ಹೊಕ್ಕುಳಬಳ್ಳಿ ಕತ್ತರಿಸಿರಲಿಲ್ಲ, ಹಾಗಾಗಿ ನನಗೆ ಒತ್ತಿಕೊಂಡೇ ನೆಲದ ಮೇಲೆ ಮಲಗಿದರು. ಅಕ್ಕ ಮಗುವನ್ನು ಒರೆಸಿ ಅವರ ಬರಿಹೊಟ್ಟೆಯ ಮೇಲಿಟ್ಟರು. ಆ ಬಳ್ಳಿ ನನ್ನಿಂದ ಹೊರಟು ಅವರ ಹೊಟ್ಟೆಯವರೆಗೆ ಹೋಗಿತ್ತು. ಅದು ಇನ್ನೂ ಮಿಡಿಯುತ್ತಿತ್ತು. ಅದನ್ನು ನಾನು ಕಣ್ಣಾರೆ ಕಂಡೆ. ಅಂಥದ್ದನ್ನು ಕಂಡಮೇಲೆ ಮನುಷ್ಯರ ಬಗ್ಗೆ ಹಗುರವಾಗಿ ಮಾತನಾಡಲು ಬರುತ್ತದೆಯೇ?

“ಒದೀತಾಳೆ!” ಎಂದು ಇವರು ಚೀರಿದರು. “ಅಮ್ಮಾ, ನಂಗೆ ಒದೀತಾಳೆ!”

ಅವರ ಚೀರಾಟಕ್ಕೇ ಬೆಚ್ಚಿತೋ ಏನೋ, ಮಗು ಅತ್ತಿತು. ಇವರೂ ಅತ್ತರು. ಆಂಬುಲೆನ್ಸಿನವರು ಬಂದು ಬಳ್ಳಿ ಕತ್ತರಿಸಿ ಮಗುವನ್ನು ಕೊಡಿ ಎಂದರೆ “ನಾನೇ ಬರ್ತೀನಿ” ಎಂದು ಅಂಗಿ ತೆರೆದುಕೊಂಡೇ ಮೆಟ್ಟಿಲಿಳಿದರು. ಬೀದಿಯ ಜನ ದಾರಿ ಬಿಟ್ಟು ನಿಂತರಂತೆ.

ಸರ್, ಆ ಹುಡುಗಿ ಈಗ ಹೊರಗೆ ಕಾರು ತಂದು ನಿಲ್ಲಿಸಿದ್ದಾಳೆ. ಇವತ್ತು ನಿಮ್ಮನ್ನು ಮನೆಗೆ ಬಿಡುವುದು ತಾನೇ ಎಂದು ಹಟ ಹಿಡಿದಿದ್ದಾಳೆ. ಲೈಸೆನ್ಸ್ ಬಂದು ಇನ್ನೂ ವಾರ ಆಗಿಲ್ಲ, ಗಟ್ಟಿಯಾಗಿ ಹಿಡಿದು ಕುಳಿತುಕೊಳ್ಳಿ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.