ಮೊದಲು ಏಳುವವರು ಯಾರು

ಎಕ್ಸ್‌ರೇ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಅವರ ಅಜ್ಜಿ ಒಳಗಿದ್ದರು.

“ಕಾಲೇಜಲ್ಲಿ ಗೇಮ್ ಥಿಯರಿ ಅಂತ, ಎದುರಿನವರು ಏನು ಮಾಡ್ತಾರೆ ಅಂತ ಊಹಿಸಿ ನಮಗೆ ಲಾಭದ ಆಟ ಲೆಕ್ಕ ಹಾಕೋ ಪಾಠಕ್ಕೆ ಮನೇದೇ ಒಂದು ಉದಾಹರಣೆ ತನ್ನಿ ಅಂದಿದ್ರು. ನಾನು ನಮ್ಮಿಬ್ಬರದ್ದೇ ಹೇಳ್ದೆ, ಅಕ್ಕ.”

“ನಮ್ಮದೇನೇ?”

“ರಾತ್ರಿ ಅಜ್ಜಿ ನೀರು ಕೇಳ್ತಾರಲ್ಲ. ಒಬ್ಬರು ಎದ್ರೆ ಇನ್ನೊಬ್ಬರಿಗೆ ನಿದ್ದೆ. ನೀನು ಹೇಗೂ ಏಳ್ತೀಯ, ನಾನು ಮಲಗಿರೋದೇ ಲಾಭ ಅಂತ ಬೋರ್ಡ್ ಮೇಲೆ ಬಿಡಿಸಿ ತೋರಿಸ್ದೆ. ಮೇಷ್ಟ್ರು ಶಭಾಷ್ ಅಂದ್ರು.”

“ಅಂದ್ರೆ ನಿಂಗೆ ಎಚ್ಚರ ಇರ್ತಿತ್ತು.”

“ಹೂಂ. ಬೈಯಿ.”

“ಯಾವ ಬಾಯಲ್ಲಿ ಬೈಯ್ಲಿ? ಈಚೆಗೆ ನಾನೂ ಏಳ್ತಿರ್ಲಿಲ್ಲ. ನೀನೇ ಏಳ್ತೀಯೇನೋ ನೋಡೋಣ ಅಂತ ಗೋಡೆ ಕಡೆ ತಿರುಗಿ ಮಲಗ್ತಿದ್ದೆ.”

“ಅಜ್ಜಿ ಕರೆಯೋದೇ ನಿಂತಿತ್ತಲ್ಲ? ಚೆನ್ನಾಗಿ ನಿದ್ದೆ ಬರ್ತಿದೆ ಅಂದ್ಕೊಂಡೆ.”

“ಕತ್ತಲಲ್ಲಿ ಗೋಡೆ ಹಿಡ್ಕೊಂಡು ಅವರೇ ಅಡುಗೆಮನೆಗೆ ಹೋಗ್ತಿದ್ರು ಕಣೇ. ನಿನ್ನೆ ರಾತ್ರಿ ಬಿದ್ದಿದ್ದೂ ಹಾಗೇ.”

ತಂಗಿ ತಲೆ ತಗ್ಗಿಸಿದಳು. “ಅವರನ್ನ ನಾನು ಆಟದ ಲೆಕ್ಕಕ್ಕೇ ಹಿಡಿದಿರ್ಲಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು. “ಸಿಸ್ಟರ್, ಒಂದು ಲೋಟ ನೀರು ಕೊಡ್ತೀಯೇನಮ್ಮ? ಹುಡುಗೀರನ್ನ ಕರೀಬೇಡ, ಪಾಪ, ನಿದ್ದೆಗೆಟ್ಟಿದಾವೆ.”

ಇಬ್ಬರೂ ಒಟ್ಟಿಗೇ ಎದ್ದು ಬಾಗಿಲವರೆಗೆ ಹೋದರು. ಮೊದಲು ಒಳಗೆ ಕಾಲಿಡಲು ಮಾತ್ರ ಇಬ್ಬರಿಗೂ ಮುಖವಿರಲಿಲ್ಲ.